ಇಪ್ಪತ್ತೊಂದು ಗಟ್ಟಿ ಬೆಳಗು

ನಮ್ಮೂರಲ್ಲಿ ಬೆಳಗು ತಾನಾಗಿ ಮನೆಗೆ ಬರುವುದಿಲ್ಲ. ಹೋಗಿ ತರಬೇಕು. ಊರ ಮೂಡಣಕ್ಕೆ ಒಂದು ಕಲ್ಲಿನ ತೊಟ್ಟಿ ಇದೆ, ಅದರಲ್ಲಿ ತುಂಬಿರುತ್ತದೆ. ಹುಚ್ಚೀರಪ್ಪ ಅನ್ನುವವನು ಉದ್ದ ಹಿಡಿಯ ಸೌಟು ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಾನೆ. ಪಾತ್ರೆ ಒಡ್ಡಿದರೆ ಒಂದು ಸೌಟು ಹಾಕುತ್ತಾನೆ. ಮುಚ್ಚಿಕೊಂಡು ಬಂದು ಮನೆಯೊಳಗೆ ಸುರಿದರೆ ಆ ಮನೆಗೆ ಬೆಳಗಾಯಿತು. ಮೊದಲು ಹೋದವರಿಗೆ ಮೇಲಿನ ಕೆನೆ. ತಂಪು, ಹಕ್ಕಿಗಳ ದನಿ, ಒದ್ದೆ ಮಣ್ಣಿನ ವಾಸನೆ ಎಲ್ಲವೂ ಅದರಲ್ಲೇ. ಅದಕ್ಕೆ ನಾವು ಗಟ್ಟಿ ಬೆಳಗು ಅನ್ನುತ್ತೇವೆ. ಮೂರು ಸೌಟು ದಾಟಿತೋ, ಗಟ್ಟಿ ಮುಗಿಯಿತು. ಹತ್ತನೆಯವರಿಗೆ ಸುಮಾರಾದದ್ದು, ನಲವತ್ತನೆಯವರಿಗೆ ತೆಳ್ಳನೆಯದು. ಕಟ್ಟಕಡೆಗೆ ಹೋದವರಿಗೆ ತಳದಲ್ಲಿ ಉಳಿದ ಧಗೆ, ಒಂದೆರಡು ಕಾಗೆ ದನಿ, ಒಂದು ಬಸ್ಸಿನ ಹಾರನ್ನು. ಏನೂ ತರದವರ ಮನೆ ಮಧ್ಯಾಹ್ನದವರೆಗೂ ಮಬ್ಬು. ಮಧ್ಯಾಹ್ನದ ಬಿಸಿಲು ಮಾತ್ರ ಎಲ್ಲರಿಗೂ ಪುಕ್ಕಟೆ.

ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಲ ವಾರ ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಎರಡನೆಯ ವಾರ ನಮ್ಮ ಜೊತೆಯೇ ಸಾಲಿನಲ್ಲಿ ನಿಂತು ಜಗಳ ಕಾಯುತ್ತಾರೆ. ಬಿಂದಿಗೆ ತರುವವರಿದ್ದಾರೆ, ಹಾಲಿನ ಕ್ಯಾನು ತರುವವರಿದ್ದಾರೆ. ಕುಕ್ಕರಿನಲ್ಲಿ ತೆಗೆದುಕೊಂಡು ಹೋಗುವವರೂ ಇದ್ದಾರೆ, ಗ್ಯಾಸ್ಕೆಟ್ ಇರುವುದರಿಂದ ಸೋರುವುದಿಲ್ಲವಂತೆ. ದಾರಿಯಲ್ಲಿ ಎರಡು ತೊಟ್ಟು ಚೆಲ್ಲಿತೆಂದರೆ ಅಷ್ಟು ಜಾಗಕ್ಕೆ ಬೆಳಗಾಗಿ ಕೋಳಿಗಳು ಅದರ ಸುತ್ತ ಕೆದಕುತ್ತಾ ನಿಂತುಬಿಡುತ್ತವೆ. ನೆಂಟರು ಬಂದ ಮನೆಯವರು ಪಕ್ಕದ ಮನೆಯ ಬಾಗಿಲಲ್ಲಿ ಲೋಟ ಹಿಡಿದು, ‘ಒಂದು ಚೂರು ಬೆಳಗಿದ್ರೆ ಕೊಡ್ರೀ, ಜಗಲಿ ಮೇಲೆ ಮಲಗಿರೋ ಬೀಗರಿಗೆ ಸಾಲದು’ ಅನ್ನುವುದು ದಿನಾ ಇದ್ದದ್ದೇ. ಹುಚ್ಚೀರಪ್ಪನದು ಎರಡೇ ಕಾನೂನು: ಒಬ್ಬರ ಕೈಗೆ ಒಂದೇ ಪಾತ್ರೆ, ಒಂದು ಮನೆಗೆ ಒಂದೇ ಬೆಳಗು. ಅವನ ಸ್ವಂತ ಮಾವ ಬಂದು ಎರಡು ಪಾತ್ರೆ ಒಡ್ಡಿದಾಗಲೂ ಒಂದನ್ನು ಬೋರಲು ಹಾಕಿ ಕಳಿಸಿದ ಆಸಾಮಿ ಅವನು.

ನನ್ನ ಹೆಸರು ವನಜಾಕ್ಷಮ್ಮ. ಹಪ್ಪಳ ಮಾಡಿ ಮಾರುತ್ತೇನೆ, ಊರಿಗೆಲ್ಲ ವನಜಕ್ಕ. ಮನೆಯಲ್ಲಿ ನಾನೊಬ್ಬಳೇ. ನನ್ನ ಮನೆಗೂ ಗವಿರಂಗಪ್ಪನ ಮನೆಗೂ ನಡುವೆ ಒಂದೇ ಗೋಡೆ. ಅವನು ಬೋರ್ಡು ಬರೆಯುವವನು. ನಮ್ಮೂರಿನ ಅಂಗಡಿ, ಶಾಲೆ, ಸಲೂನು, ಯಾವುದರ ಮುಂದೆ ನಿಂತು ಓದಿದರೂ ಅದು ಅವನ ಕೈಯ ಅಕ್ಷರವೇ. ಶಾಲೆಯ ಗೋಡೆಯ ಮೇಲೆ ‘ಬೇಗ ಏಳು, ಬಾಳು ಬೆಳಗು’ ಎಂದು ಹಳದಿ ಬಣ್ಣದಲ್ಲಿ, ಕೆಳಗೆ ಕೆಂಪು ನೆರಳು ಕೊಟ್ಟು ಬರೆದವನೂ ಅವನೇ. ಬರೆದದ್ದು ಮಧ್ಯಾಹ್ನ ಹನ್ನೆರಡೂವರೆಗೆ ಶುರುಮಾಡಿ. ಯಾಕೆಂದರೆ ಮದುವೆಯಾದಾಗಿನಿಂದ, ಅಂದರೆ ಇಪ್ಪತ್ತೆರಡು ವರ್ಷದಿಂದ, ಅವನು ಒಂದು ದಿನವೂ ತೊಟ್ಟಿಯ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ. ಅವನ ಹೆಂಡತಿ ಸಾಕಮ್ಮ ಬೆಳಗು ತರುತ್ತಿದ್ದಳು, ಮಲಗಿದ್ದವನ ಮೇಲೆ ಸುರಿಯುತ್ತಿದ್ದಳು, ಅವನು ಮಗ್ಗಲು ಬದಲಿಸುತ್ತಿದ್ದ. ಎದ್ದ ಮೇಲೆ ಮಾತ್ರ ಆಕಳಿಸುತ್ತಾ ಜಗಲಿಗೆ ಬಂದು, ‘ಇವತ್ತಿಂದು ಸ್ವಲ್ಪ ತೆಳ್ಳಗಿದೆ ಅಲ್ವಾ ವನಜಕ್ಕ?’ ಎಂದು ರುಚಿ ಹೇಳುತ್ತಿದ್ದ. ಇಂಥವನಿಗೆ ಏನನ್ನಬೇಕು ಹೇಳಿ.

ಸಾಕಮ್ಮ ಬಳೆ ಮಾರುವವಳು. ಬಳೆ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಮನೆಮನೆ ತಿರುಗಿ, ಹೆಣ್ಣುಮಕ್ಕಳ ಕೈ ಹಿಡಿದು ಬಳೆ ತೊಡಿಸುವುದು ಅವಳ ಕೆಲಸ. ಒಂದು ದಿನ ಯಾರದೋ ಮನೆಯ ಮೆಟ್ಟಿಲಿಳಿಯುವಾಗ ಕಾಲು ಜಾರಿತು. ಬೀಳುತ್ತಾ ಮಲಾರವನ್ನು ಎದೆಗವಚಿಕೊಂಡಳು. ಒಂದು ಬಳೆಯೂ ಒಡೆಯಲಿಲ್ಲ, ಕಾಲು ಮುರಿಯಿತು. ಮೂಳೆ ಕಟ್ಟುವ ದಾದಾಪೀರ್ ಸಾಹೇಬರು ಬಂದರು. ಎಣ್ಣೆ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿ, ಕೈ ತೊಳೆದುಕೊಳ್ಳುತ್ತಾ ಗವಿರಂಗಪ್ಪನನ್ನು ಕರೆದರು. ‘ನೋಡಪ್ಪ, ಕಟ್ಟು ಮೂವತ್ತು ದಿನ ಇರಬೇಕು. ಅಷ್ಟರೊಳಗೆ ಈ ಕಾಲಿನ ಮೇಲೆ ಇಪ್ಪತ್ತೊಂದು ಗಟ್ಟಿ ಬೆಳಗು ಬೀಳಬೇಕು. ತೆಳ್ಳಂದು ಸುರಿದರೆ ನೀರು ಸುರಿದ ಹಾಗೇ. ಇಪ್ಪತ್ತೊಂದು ಬಿತ್ತೋ, ಹೆಣ್ಣುಮಗಳು ಮುಂಚಿನ ಹಾಗೆ ಓಡಾಡ್ತಾಳೆ. ಕಮ್ಮಿಯಾಯ್ತೋ, ಮೂಳೆ ಸೊಟ್ಟ ಕೂತ್ಕೊಳ್ಳುತ್ತೆ. ಆಮೇಲೆ ಮಲಾರ ಹೊತ್ಕೊಂಡು ಬೀದಿ ತಿರುಗೋದು ಮರೆತುಬಿಡ್ಲಿ.’

ನಾನು ಅಲ್ಲೇ ಇದ್ದೆ. ‘ಸಾಕಮ್ಮ, ನಾನೇ ಬೇಗ ಹೋಗಿ ನನ್ನ ಪಾತ್ರೆದು ತಂದು ನಿನ್ನ ಕಾಲಿಗೆ ಹಾಕ್ತೀನಿ ಕಣೆ’ ಅಂದೆ. ಸಾಕಮ್ಮ ಒಪ್ಪಲಿಲ್ಲ. ‘ಬೇಡಕ್ಕ. ನಿಮ್ಮನೆ ಮಬ್ಬಾಗಿಬಿಡುತ್ತೆ, ಹಪ್ಪಳ ಒಣಗೋದು ಹೇಗೆ? ಇವರಿದಾರಲ್ಲ’ ಅಂದಳು. ನಿಜ ಹೇಳುತ್ತೇನೆ, ಅವಳು ಬೇಡವೆಂದಾಗ ನನಗೆ ಸಮಾಧಾನವೇ ಆಯಿತು. ‘ಇವರಿದಾರಲ್ಲ’ ಎಂಬ ಮಾತು ಕೇಳಿ ಮಾತ್ರ ನಗು ತಡೆಯಲಾಗದೆ ಹಿತ್ತಲಿಗೆ ಹೋದೆ.

ಗವಿರಂಗಪ್ಪ ಲೆಕ್ಕದಲ್ಲಿ ಚುರುಕು. ಮೂವತ್ತರಲ್ಲಿ ಇಪ್ಪತ್ತೊಂದು ಕಳೆದರೆ ಒಂಬತ್ತು. ಒಂಬತ್ತು ದಿನ ಕೈಯಲ್ಲಿದೆ ಎಂದುಕೊಂಡ. ಯಾವುದೇ ಒಳ್ಳೆಯ ಕೆಲಸಕ್ಕೆ ಮೊದಲು ಸರಿಯಾದ ಏರ್ಪಾಟು ಬೇಕು ಎಂದೂ ಅಂದುಕೊಂಡ. ಮರುದಿನದಿಂದ ಅಂಗಳದಲ್ಲಿ ಒಂದು ತಗಡಿನ ಹಲಗೆ ನಿಲ್ಲಿಸಿಕೊಂಡು ಬರೆಯಲು ಕೂತ. ‘ಏನೋ ಅದು?’ ಎಂದು ಕೇಳಿದರೆ, ‘ಬೆಳಗಿನ ದಿನಚರಿ, ವನಜಕ್ಕ. ಸುಮ್ನೆ ಎದ್ದು ಓಡೋದಲ್ಲ. ಮನುಷ್ಯ ಬೆಳಗಿನ ಹೊತ್ತು ಶಿಸ್ತಾಗಿ ಕಳೆದ್ರೆ ದಿನವೆಲ್ಲಾ ಶಿಸ್ತಾಗಿರುತ್ತೆ’ ಅಂದ. ಮೊದಲ ದಿನ ನೀಲಿ ಬಳಿದ. ಎರಡನೆಯ ದಿನ ಅಂಚಿಗೆ ಬಳ್ಳಿ ಬಿಡಿಸಿದ. ಮೂರು ಮತ್ತು ನಾಲ್ಕನೆಯ ದಿನ ಅಕ್ಷರ. ಬರೆಯುವುದೆಲ್ಲ ಮಧ್ಯಾಹ್ನದ ಮೇಲೆ. ಅಷ್ಟು ಹೊತ್ತೂ ಸಾಕಮ್ಮ ಒಳಗೆ ಮಬ್ಬಿನಲ್ಲೇ ಮಲಗಿ, ಬಣ್ಣದ ವಾಸನೆ ಕುಡಿಯುತ್ತಾ, ‘ಚೆನ್ನಾಗಿ ಬಂತಾ?’ ಎಂದು ಕೇಳುತ್ತಿದ್ದಳು.

ಚೆನ್ನಾಗಿಯೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಒಟ್ಟು ಹದಿನಾಲ್ಕು ಸಾಲು. ಎದ್ದ ಕೂಡಲೇ ಅಂಗೈ ನೋಡಿಕೊಳ್ಳುವುದರಿಂದ ಹಿಡಿದು ಎರಡು ಚೊಂಬು ಬಿಸಿನೀರು, ಬೇವಿನ ಕಡ್ಡಿ, ನೆನೆಸಿದ ಮೆಂತ್ಯ, ಬಾಯಲ್ಲಿ ಎಳ್ಳೆಣ್ಣೆ ತುಂಬಿಕೊಂಡು ಮುಕ್ಕಳಿಸುವುದು, ಹನ್ನೆರಡು ಸೂರ್ಯನಮಸ್ಕಾರ, ಕಾಲು ಗಂಟೆ ಒಳ್ಳೆಯ ಯೋಚನೆ ಮಾಡುವುದು, ನೆನ್ನೆ ಮಾಡಿದ ತಪ್ಪನ್ನು ನೋಟ್ ಬುಕ್ಕಿನಲ್ಲಿ ಬರೆಯುವುದು, ಹೀಗೆ. ತೊಟ್ಟಿಗೆ ಹೋಗಿ ಬೆಳಗು ತರುವುದು ಹದಿನಾಲ್ಕನೆಯ ಸಾಲಿನಲ್ಲಿತ್ತು. ‘ಅಲ್ಲಯ್ಯಾ, ಸೂರ್ಯ ಇನ್ನೂ ತೊಟ್ಟೀಲಿರೋವಾಗ ನೀನು ನಮಸ್ಕಾರ ಮಾಡೋದು ಯಾರಿಗೆ?’ ಎಂದೆ. ‘ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ ಅಕ್ಕ’ ಎಂದು ಬ್ರಷ್ಷು ತೊಳೆದ.

ಐದನೆಯ ದಿನ ಅವನು ನಿಜವಾಗಿಯೂ ಎದ್ದ. ದೇವರಾಣೆಗೂ ಎದ್ದ, ಗೋಡೆಯಾಚೆ ಎಣ್ಣೆ ಮುಕ್ಕಳಿಸುವ ಸದ್ದು ನನಗೆ ಕೇಳುತ್ತಿತ್ತು. ಹದಿಮೂರು ಸಾಲನ್ನೂ ಒಂದು ಬಿಡದೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಬಿಂದಿಗೆ ಹಿಡಿದು ತೊಟ್ಟಿ ಮುಟ್ಟುವ ಹೊತ್ತಿಗೆ ಹುಚ್ಚೀರಪ್ಪ ತೊಟ್ಟಿಯನ್ನು ತೆಂಗಿನ ನಾರು ಹಾಕಿ ಉಜ್ಜುತ್ತಿದ್ದ. ಆರನೆಯ ದಿನ ಒಳ್ಳೆಯ ಯೋಚನೆ ಮಾಡುತ್ತಾ ಕೂತಲ್ಲೇ ನಿದ್ದೆ ಹೋದ. ಗೊರಕೆ ಕೇಳಿ ಸಾಕಮ್ಮ ಒಳಗಿನಿಂದ, ‘ರೀ, ಯೋಚನೆ ಸಾಕು’ ಎಂದು ಕೂಗಿದ್ದು ನನಗೂ ಕೇಳಿಸಿತು. ಏಳನೆಯ ದಿನ ಯೋಚನೆ ಬಿಟ್ಟುಕೊಟ್ಟ. ಆದರೆ ಹದಿನಾಲ್ಕು ಹದಿಮೂರಾದರೂ ತೊಟ್ಟಿ ಮುಟ್ಟಿದ್ದು ಏಳೂವರೆಗೆ. ಹುಚ್ಚೀರಪ್ಪ ತಳ ಕೆರೆದು ಒಂದು ಸೌಟು ಹಾಕಿದ. ಅದನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ನೋಡಿದರೆ ಆಚೆ ಬದಿ ಕಾಣುತ್ತಿತ್ತು.

ಇಲ್ಲಿ ಗವಿರಂಗಪ್ಪನ ತಲೆ ಓಡಿತು. ಸಾಕಮ್ಮ ದಿನಾ ಗಟ್ಟಿ ಬೆಳಗು ತರುತ್ತಿದ್ದ ಬಿಂದಿಗೆಯ ಕಂಠದ ಒಳಗೆ ಹಳೆಯ ಕೆನೆ ಒಂದಿಷ್ಟು ಅಂಟಿಕೊಂಡಿತ್ತು. ಅದನ್ನು ಚಮಚದಲ್ಲಿ ಕೆರೆದ. ತಾನು ತಂದ ತೆಳ್ಳನೆಯ ಬೆಳಗನ್ನು ಮಣ್ಣಿನ ಕುಡಿಕೆಗೆ ಹಾಕಿ, ಕೆರೆದ ಕೆನೆಯನ್ನು ಹೆಪ್ಪಿನ ಹಾಗೆ ಅದಕ್ಕೆ ಬಿಟ್ಟು, ಕಂಬಳಿ ಸುತ್ತಿ ಅಕ್ಕಿ ಡಬ್ಬದೊಳಗೆ ಹೂತಿಟ್ಟ. ಹಾಲು ಮೊಸರಾಗುವುದಾದರೆ ಬೆಳಗು ಯಾಕೆ ಗಟ್ಟಿಯಾಗಬಾರದು? ಸರಿಯಾಗಿ ಹೆಪ್ಪುಗಟ್ಟಿದರೆ ದಿನಾ ಎರಡು ಚಮಚ ಉಳಿಸಿಕೊಂಡು ಮತ್ತೆ ಮತ್ತೆ ಮನೆಯಲ್ಲೇ ಮಾಡಿಕೊಳ್ಳಬಹುದು, ತೊಟ್ಟಿಯ ಹಂಗೇ ಬೇಡ. ಇಷ್ಟನ್ನೂ ಅವನು ಸಾಕಮ್ಮನಿಗೆ ಪಿಸುದನಿಯಲ್ಲಿ ವಿವರಿಸಿದನಂತೆ. ಎಂಟನೆಯ ದಿನ ಆ ಧೈರ್ಯದ ಮೇಲೆ ಹಾಯಾಗಿ ಮಲಗಿದ.

ಮಧ್ಯಾಹ್ನ ಮೂರು ಗಂಟೆಗೆ ಡಬ್ಬದ ಮುಚ್ಚಳ ಹಾರಿತು. ಆ ಸದ್ದಿಗೆ ನಾನು ಬೆಚ್ಚಿಬಿದ್ದು ಹೊರಗೆ ಬಂದರೆ, ಅವನ ಮನೆಯ ಕಿಟಕಿ ಬಾಗಿಲು ಹೆಂಚಿನ ಸಂದಿಗಳಿಂದ ಬೆಳಗು ಉಕ್ಕಿ ಬೀದಿಯ ತುಂಬ ಹರಿಯುತ್ತಿದೆ! ಕೋಳಿಗಳು ಕೂಗಿದವು. ಊಟ ಮಾಡಿ ಮಲಗಿದ್ದ ಗಂಡಸರು ಎದ್ದು ಹಲ್ಲುಜ್ಜಿದರು. ಶಾಲೆಯಿಂದ ಆಗ ತಾನೇ ಬಂದ ಮಕ್ಕಳನ್ನು ತಾಯಂದಿರು ದರದರ ಎಳೆದುಕೊಂಡು ಹೋಗಿ ಸ್ನಾನ ಮಾಡಿಸಿ, ಡಬ್ಬಿ ಕಟ್ಟಿ ಮತ್ತೆ ಶಾಲೆಗೆ ಕಳಿಸಿದರು. ಅವು ಅಳುತ್ತಾ ಹೋದವು. ನಾನೇನು ಕಮ್ಮಿಯೇ, ಬೆಳಗ್ಗೆ ಹಾಕಿದ ರಂಗೋಲಿಯ ಮೇಲೆ ನೀರು ಚಿಮುಕಿಸಿ ಇನ್ನೊಂದು ರಂಗೋಲಿ ಹಾಕುತ್ತಾ ಕೂತಿದ್ದೆ. ಕೈಯಲ್ಲಿ ಹಿಟ್ಟು ಹಿಡಿದು ತಲೆಯೆತ್ತಿದಾಗ ನೆನಪಾಯಿತು, ಮಾಳಿಗೆಯ ಮೇಲೆ ಮುನ್ನೂರು ಹಪ್ಪಳ ಒಣಹಾಕಿದ್ದೇನೆ. ಓಡಿ ಹೋದೆ. ಇಬ್ಬನಿ ಬಿದ್ದು ಅಷ್ಟೂ ಮುದ್ದೆಯಾಗಿತ್ತು. ಅವತ್ತು ಗೋಡೆಯ ಈಚೆಯಿಂದ ನಾನು ಗವಿರಂಗಪ್ಪನಿಗೆ ಅಂದ ಮಾತುಗಳನ್ನು ಇಲ್ಲಿ ಹೇಳುವುದಿಲ್ಲ. ಅವನ ವಂಶದಲ್ಲಿ ಯಾರನ್ನೂ ಬಿಡಲಿಲ್ಲ ಅಂತಷ್ಟೇ ಇಟ್ಟುಕೊಳ್ಳಿ.

ಒಂಬತ್ತನೆಯ ದಿನ ಅವನು ನಾಚಿಕೆಗೆ ಹೊರಗೇ ಬರಲಿಲ್ಲ, ಮುಸುಕು ಹಾಕಿಕೊಂಡು ಮಲಗಿದ್ದ. ಅವತ್ತು ಮಧ್ಯಾಹ್ನ ದಾದಾಪೀರ್ ಸಾಹೇಬರು ಕಾಲು ನೋಡಲು ಬಂದರು. ಹಿಂದಿನ ದಿನ ಉಕ್ಕಿದ ಒಡಕು ಬೆಳಗು ಸಾಕಮ್ಮನ ಮಂಚದ ಮೇಲೂ ಬಿದ್ದಿತ್ತು. ಸಾಹೇಬರು ಕಟ್ಟಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದರು. ‘ಹುಳಿ ಬಂದಿದೆ’ ಅಂದರು. ಪಾದ ಊದಿಕೊಂಡಿತ್ತು. ‘ಎಷ್ಟಾಯ್ತಪ್ಪ ಗಟ್ಟೀದು?’ ಎಂದು ಕೇಳಿದರು. ಗವಿರಂಗಪ್ಪ ಮುಸುಕನ್ನು ಇನ್ನಷ್ಟು ಎಳೆದುಕೊಂಡ. ‘ಒಂದೂ ಇಲ್ವಾ? ಹಾಗಾದ್ರೆ ಕೇಳು. ಇನ್ನುಳಿದಿರೋದು ಇಪ್ಪತ್ತೊಂದೇ ದಿನ. ನಾಳೆಯಿಂದ ಒಂದು ತಪ್ಪಿದ್ರೂ ನನ್ನ ಕೈಲಿ ಏನೂ ಆಗಲ್ಲ.’

ಅವರು ಹೋದ ಮೇಲೆ ಸಾಕಮ್ಮ ಅವನನ್ನು ಬೈದಿದ್ದರೆ ಅವನು ಬೈಸಿಕೊಂಡು, ಹಗುರಾಗಿ, ಮತ್ತೆ ಮಲಗಿಬಿಡುತ್ತಿದ್ದನೋ ಏನೋ. ಅವಳು ಬೈಯಲಿಲ್ಲ. ಮೂಲೆಯಲ್ಲಿ ನೇತುಹಾಕಿದ್ದ ಮಲಾರದ ಕಡೆ ನೋಡಿ, ‘ರೀ, ಅದನ್ನ ಕೆಳಕೇರಿ ನಮ್ಮ ಚಿಕ್ಕಮ್ಮನ ಸೊಸೆಗೆ ಕೊಟ್ಬಿಡಿ. ಇಲ್ಲಿದ್ರೆ ಧೂಳು ಹಿಡಿಯುತ್ತೆ ಅಷ್ಟೇ. ಅವಳಾದ್ರೂ ತಿರುಗ್ಲಿ’ ಅಂದಳು. ದನಿಯಲ್ಲಿ ಕೋಪವಿರಲಿಲ್ಲ. ಸಾರಿಗೆ ಉಪ್ಪು ಹಾಕಿ ಅನ್ನುವಾಗಿನ ದನಿಯೇ. ನಾನು ಕಾಫಿ ಕೊಡಲು ಬಂದವಳು ಬಾಗಿಲಲ್ಲೇ ನಿಂತೆ. ಗವಿರಂಗಪ್ಪ ಮಲಾರದ ಹತ್ತಿರ ಹೋದ, ಅದನ್ನು ಗೂಟದಿಂದ ಇಳಿಸಿದ, ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತ. ಅವನು ಏಳುವುದಿಲ್ಲ ಎಂದು ಅವಳು ತೀರ್ಮಾನ ಮಾಡಿಯಾಗಿತ್ತು, ಅದಕ್ಕಾಗಿ ಅವನ ಮೇಲೆ ಸಿಟ್ಟನ್ನೂ ಮಾಡಿಕೊಂಡಿರಲಿಲ್ಲ. ಇಪ್ಪತ್ತೆರಡು ವರ್ಷ ಅವನ ಜೊತೆ ಬದುಕಿ ಅವಳು ಅಷ್ಟನ್ನು ಕಲಿತಿದ್ದಳು. ಅದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು. ನನಗೆ ಕಣ್ಣು ಒದ್ದೆಯಾಯಿತು, ಹಪ್ಪಳದ ಸಿಟ್ಟು ಎಲ್ಲಿ ಹೋಯಿತೋ.

ಅವನು ಮಲಾರವನ್ನು ಮತ್ತೆ ಗೂಟಕ್ಕೆ ಹಾಕಿದ. ಹೊರಗೆ ಬಂದು ಬಿಳಿ ಬಣ್ಣದ ಡಬ್ಬ ತೆಗೆದು, ನಾಲ್ಕು ದಿನ ಕೂತು ಬರೆದ ಹಲಗೆಯ ಮೇಲೆ ಅಗಲ ಬ್ರಷ್ಷಿನಿಂದ ಬಳಿಯತೊಡಗಿದ. ಬಳ್ಳಿ ಹೋಯಿತು, ಮೆಂತ್ಯ ಹೋಯಿತು, ಸೂರ್ಯನಮಸ್ಕಾರ ಹೋಯಿತು. ಹದಿನಾಲ್ಕನೆಯ ಸಾಲೊಂದೇ ಉಳಿಯಿತು. ಆಮೇಲೆ ನನ್ನ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತ. ‘ವನಜಕ್ಕ, ನೀವು ಏಳೋವಾಗ ಗೋಡೆ ತಟ್ಟುತೀರಾ?’ ಅಂದ. ‘ನಾನು ಏಳೋವಾಗ ತಟ್ಟಿದ್ರೆ ಹತ್ತನೆಯವನಾಗ್ತೀಯ. ಮುಂಚೇನೇ ಎದ್ದು ತಟ್ಟಬೇಕು’ ಅಂದೆ. ‘ತಟ್ಟಿ ಅಕ್ಕ, ನಿಮ್ಮ ದಮ್ಮಯ್ಯ’ ಅಂದ.

ಲಟ್ಟಣಿಗೆ ತೆಗೆದುಕೊಂಡು ತಟ್ಟಿದೆ ನೋಡಿ! ಅಂಥಾ ಸುಖ ನನಗೆ ಬಹಳ ವರ್ಷದಿಂದ ಸಿಕ್ಕಿರಲಿಲ್ಲ. ಗೋಡೆಯ ಗಾರೆ ಉದುರುವ ಹಾಗೆ ತಟ್ಟಿ, ‘ಎದ್ದೆಯೇನೋ ಗವಿರಂಗಪ್ಪಾ, ಇಲ್ಲಾ ಹಾಸಿಗೆಗೇ ಬೇರು ಬಿಟ್ಟೆಯಾ?’ ಎಂದು ಕೂಗುತ್ತಿದ್ದೆ. ಮೊದಲ ದಿನ ಅವನು ಎದ್ದ ರಭಸಕ್ಕೆ ನನ್ನ ಕಡೆಯ ಗೂಟದಲ್ಲಿದ್ದ ಜರಡಿ ಬಿತ್ತು. ಲುಂಗಿ ಸುತ್ತಿಕೊಳ್ಳುತ್ತಲೇ, ಒಂದು ಕಾಲಿಗೆ ತನ್ನ ಚಪ್ಪಲಿ ಇನ್ನೊಂದಕ್ಕೆ ಸಾಕಮ್ಮನದು ಹಾಕಿಕೊಂಡು ಓಡಿದ. ಮೂರನೆಯವನಾಗಿ ನಿಂತ. ಮೂರನೆಯ ಸೌಟು, ಕೆನೆಯ ಕೊನೆ. ಹುಚ್ಚೀರಪ್ಪ ಸೌಟನ್ನು ಅರ್ಧಕ್ಕೇ ನಿಲ್ಲಿಸಿ ಅವನ ಮುಖವನ್ನೇ ನೋಡಿ, ‘ನೀವು ಯಾವೂರೋರು?’ ಎಂದು ಕೇಳಿದನಂತೆ.

ಹೀಗೆ ದಿನಗಳು ಹೋದವು. ಐದನೆಯ ಗಟ್ಟಿ ಬೆಳಗಿನ ಹೊತ್ತಿಗೆ ಊತ ಇಳಿಯಿತು. ಹತ್ತನೆಯದಕ್ಕೆ ಸಾಕಮ್ಮನ ಕಾಲ್ಬೆರಳು ಆಡಿದವು. ಗವಿರಂಗಪ್ಪನೋ, ಬೇಗ ಏಳುವುದನ್ನು ಲೋಕದಲ್ಲಿ ತಾನೇ ಕಂಡುಹಿಡಿದವನ ಹಾಗೆ ಆಡತೊಡಗಿದ. ಸಾಲಿನಲ್ಲಿ ಮೂವತ್ತು ವರ್ಷದಿಂದ ನಿಲ್ಲುತ್ತಿರುವ ಮುದುಕಿಯರಿಗೆ, ‘ನೋಡಿ ಅಮ್ಮಾ, ಬೆಳಗಿನ ಗಾಳಿ ಶ್ವಾಸಕ್ಕೆ ಬಹಳ ಒಳ್ಳೇದು, ಇಷ್ಟು ಹೊತ್ತಿಗೆ ಎದ್ದು ನೋಡಿ ಗೊತ್ತಾಗುತ್ತೆ’ ಎಂದು ಉಪದೇಶ ಮಾಡುತ್ತಿದ್ದ. ತಡವಾಗಿ ಬಂದವರನ್ನು ಕಂಡರೆ ನಾಲಗೆಯಲ್ಲಿ ಚ್ ಚ್ ಅನ್ನುತ್ತಿದ್ದ. ನನಗಂತೂ ಒಂದೊಂದು ದಿನ ಗೋಡೆ ತಟ್ಟದೆ ಬಿಟ್ಟುಬಿಡೋಣ ಅನ್ನಿಸುತ್ತಿತ್ತು. ಮಲಾರದ ನೆನಪಾಗಿ ತಟ್ಟುತ್ತಿದ್ದೆ.

ಒಂದು ಮಧ್ಯಾಹ್ನ ಸಾಕಮ್ಮನ ತಲೆ ಬಾಚುತ್ತಾ ಕೂತಿದ್ದೆ. ಅವಳು ಇದ್ದಕ್ಕಿದ್ದಂತೆ, ‘ಅಕ್ಕ, ಒಂದು ಮಾತು ಹೇಳ್ಲಾ? ಇಷ್ಟು ವರ್ಷ ನಾನು ತಂದು ಸುರಿದೆ. ಸುರಿಯೋಳಿಗೆ ಪಾತ್ರೆ ಕಾಣುತ್ತೆ, ಎಲ್ಲಿ ಚೆಲ್ಲುತ್ತೋ ಅನ್ನೋ ಭಯ ಕಾಣುತ್ತೆ, ಅಷ್ಟೇ. ಈಗ ಮಲಗಿರ್ತೀನಲ್ಲ, ಅವರು ಮುಚ್ಚಳ ತೆಗೀತಾರೆ. ಮೊದಲು ತಂಪು ಬರುತ್ತೆ, ಪಾದಕ್ಕೆ. ಆಮೇಲೆ ಹಕ್ಕಿ ದನಿ ಮೊಣಕಾಲ ತನಕ ಬರುತ್ತೆ. ಮುಖಕ್ಕೆ ಬರೋ ಹೊತ್ತಿಗೆ ಕಣ್ಣು ತಾನಾಗೇ ಬಿಟ್ಟಿರುತ್ತೆ ಅಕ್ಕ. ಇಂಥದ್ದು ಅಂತ ನನಗೆ ಗೊತ್ತೇ ಇರಲಿಲ್ಲ. ಇದನ್ನ ಅವರು ಇಪ್ಪತ್ತೆರಡು ವರ್ಷ ಮುಸುಕು ಹಾಕ್ಕೊಂಡು ಹಾಳು ಮಾಡಿದ್ರಲ್ಲ!’ ಎಂದು ನಕ್ಕಳು. ನಾನೂ ನಕ್ಕೆ. ಆದರೆ ಬಾಚಣಿಗೆ ನಿಂತುಹೋಯಿತು. ನನ್ನ ಮನೆಯವರು ಇದ್ದಾಗಲೂ ತರುತ್ತಿದ್ದವಳು ನಾನೇ. ಅವರು ಹೋದ ಮೇಲೂ ನಾನೇ ತಂದು, ಯಾರೂ ಮಲಗಿರದ ಮನೆಯಲ್ಲಿ, ಕಣ್ಣು ಬಿಟ್ಟುಕೊಂಡೇ ಸುರಿದುಕೊಳ್ಳುತ್ತೇನೆ. ಕೊನೆಯ ಸಲ ನನ್ನ ಮೇಲೆ ಬೆಳಗು ಸುರಿದವಳು ನನ್ನ ಅಮ್ಮ, ನನ್ನ ಮದುವೆಯ ದಿನ. ಅದನ್ನೆಲ್ಲ ಸಾಕಮ್ಮನಿಗೆ ಹೇಳಲಿಲ್ಲ. ಜಡೆ ಬಿಗಿಯಾಗಿ ಹೆಣೆದು ಎದ್ದು ಬಂದೆ.

ಇಪ್ಪತ್ತೊಂದನೆಯದು ಬಂತು. ಅವತ್ತು ಗವಿರಂಗಪ್ಪ ನಾನು ತಟ್ಟುವ ಮೊದಲೇ ಎದ್ದಿದ್ದ, ಲಟ್ಟಣಿಗೆ ಎತ್ತಿದ ಕೈ ಹಾಗೇ ಉಳಿಯಿತು. ಎಲ್ಲರಿಗಿಂತ ಮೊದಲು ಹೋಗಿ ಮೊದಲ ಸೌಟು ಹಿಡಿದ. ಬರುವಾಗ ಅರ್ಧ ದಾರಿಯಲ್ಲಿ ಹಿಂದೆ ಏನೋ ಸದ್ದಾಯಿತೆಂದು ತಿರುಗಿ ನೋಡಿದರೆ ಹದಿನೈದು ಇಪ್ಪತ್ತು ಕೋಳಿಗಳು ಸಾಲಾಗಿ ಬರುತ್ತಿವೆ. ತೊಟ್ಟಿಯಿಂದ ಅವನ ಕಾಲಿನವರೆಗೂ ದಾರಿಯುದ್ದಕ್ಕೆ ಬಟ್ಟಲಗಲದ ಬೆಳಗುಗಳು. ಬಿಂದಿಗೆಯ ತಳದ ಹಳೆಯ ಬೆಸುಗೆ ಬಿಟ್ಟಿತ್ತು! ನಾನು ನನ್ನ ಪಾತ್ರೆ ಹಿಡಿದು ಎದುರಿಗೆ ಹೋಗುತ್ತಿದ್ದೆ, ಕಣ್ಣಾರೆ ನೋಡಿದೆ. ಅವನ ಮುಖದಲ್ಲಿ ರಕ್ತವಿರಲಿಲ್ಲ. ‘ಕೈ ಒತ್ತೋ, ಕೈ ಒತ್ತೋ!’ ಎಂದು ಕಿರುಚಿದೆ. ಬಿಂದಿಗೆಯನ್ನು ಮಗುವಿನ ಹಾಗೆ ಎದೆಗೆತ್ತಿ, ತಳಕ್ಕೆ ಅಂಗೈ ಒತ್ತಿ ಹಿಡಿದು ಓಡಿದ. ನಾನೂ ತೊಟ್ಟಿಯ ದಾರಿ ಬಿಟ್ಟು ಹಿಂದೆ ಓಡಿದೆ, ಕೋಳಿಗಳೂ ಓಡಿದವು. ಒಳಗೆ ಹೋಗಿ ಬಗ್ಗಿಸಿದರೆ ಎರಡು ಬೆರಳಿನಷ್ಟು ಉಳಿದಿತ್ತು. ಎರಡೇ ಬೆರಳು, ಆದರೆ ಅಪ್ಪಟ ಕೆನೆ. ಒಂದು ಹನಿಯನ್ನೂ ಬೇರೆ ಕಡೆ ಬೀಳಿಸದೆ ಕಾಲಿನ ಮೇಲೆ ಸುರಿದ. ಸುರಿದು, ಮಂಚದ ಪಕ್ಕ ನೆಲದ ಮೇಲೆ ಕೂತು, ಐವತ್ತರ ಗಂಡಸು, ಬಿಕ್ಕಿ ಬಿಕ್ಕಿ ಅತ್ತ. ಸಾಕಮ್ಮ ಅವನ ತಲೆಯ ಮೇಲೆ ಕೈಯಿಟ್ಟು, ‘ಆಯ್ತಲ್ಲ, ಬಿಡಿ. ಅಳೋರು ಮೊದಲು ಚಪ್ಪಲಿ ಹೊರಗೆ ಬಿಟ್ಟು ಬನ್ನಿ’ ಅಂದಳು. ಅವನ ಅಂಗೈಗೆ ಅಂಟಿದ ಬೆಳಗು ಮೂರು ದಿನ ಹೋಗಲಿಲ್ಲ.

ಅವತ್ತೇ ಸಂಜೆ ದಾದಾಪೀರ್ ಸಾಹೇಬರು ಕಟ್ಟು ಬಿಚ್ಚಿದರು. ಸಾಕಮ್ಮ ಗೋಡೆ ಹಿಡಿದು ನಿಂತಳು, ಆಮೇಲೆ ಗೋಡೆ ಬಿಟ್ಟಳು. ಹನ್ನೊಂದು ಹೆಜ್ಜೆ ನಡೆದು ಗೂಟದ ಹತ್ತಿರ ಹೋಗಿ ಮಲಾರ ಮುಟ್ಟಿದಳು. ಬಳೆಗಳು ಸದ್ದು ಮಾಡಿದವು. ಪಾದ ನೆಟ್ಟಗಿತ್ತು. ಸಾಹೇಬರು ಗವಿರಂಗಪ್ಪನ ಬೆನ್ನು ತಟ್ಟಿ, ‘ನಾನು ನಂಬಿರಲಿಲ್ಲ ಕಣಯ್ಯ’ ಅಂದರು. ನಾನು ಮನೆಗೆ ಬಂದು ಲಟ್ಟಣಿಗೆಯನ್ನು ತೊಳೆದು ಹಪ್ಪಳದ ಮಣೆಯ ಮೇಲಿಟ್ಟೆ. ನಾಳೆಯಿಂದ ಯಾರನ್ನೂ ಎಬ್ಬಿಸುವುದಿಲ್ಲ. ಖುಷಿಯಾಗಬೇಕಿತ್ತು. ಅದ್ಯಾಕೋ ಮನೆ ಭಣಭಣ ಅನ್ನಿಸಿತು.

ಮರುದಿನ ಬೆಳಗ್ಗೆ ನಡೆದದ್ದನ್ನು ಹುಚ್ಚೀರಪ್ಪನೇ ಆಮೇಲೆ ನನಗೆ ಹೇಳಿದ. ಕಾಲು ವಾಸಿಯಾಯಿತಲ್ಲ ಎಂದು ಸಾಕಮ್ಮ ಹಳೆಯ ಅಭ್ಯಾಸದ ಮೇಲೆ ಎದ್ದು, ಪಕ್ಕದ ಹಾಸಿಗೆಯ ಕಡೆ ನೋಡದೆ, ಹೊಸ ಕ್ಯಾನು ಹಿಡಿದು ತೊಟ್ಟಿಗೆ ಹೋದಳು. ನಿಧಾನವಾಗಿ ನಡೆದು ಎರಡನೆಯವಳಾಗಿ ನಿಂತಳು. ಮುಂದೆ ನಿಂತವನ ಬೆನ್ನು ಗುರುತು ಸಿಕ್ಕಿತು. ಗವಿರಂಗಪ್ಪ ಹೊಸ ಅಭ್ಯಾಸದ ಮೇಲೆ ಎದ್ದು, ಅವಳು ಮಲಗಿದ್ದಾಳೆ ಅಂದುಕೊಂಡು, ತಪ್ಪಲೆ ಹಿಡಿದು ಬಂದಿದ್ದ. ‘ನೀನ್ಯಾಕೆ ಬಂದೆ? ಹೋಗಿ ಮಲಕ್ಕೋ’ ಅಂದ. ‘ನೀವ್ಯಾಕೆ ಬಂದ್ರಿ? ನೀವು ಹೋಗಿ ಮಲಕ್ಕೊಳ್ಳಿ’ ಅಂದಳು. ಮಲಗುವ ಸರದಿ ಯಾರದು ಎಂದು ಗಂಡ ಹೆಂಡತಿ ಕಟ್ಟೆಯ ಮೇಲೆ ಜಗಳವಾಡಿದ್ದನ್ನು ಊರು ಮೊದಲ ಸಲ ನೋಡಿತು. ಅಷ್ಟರಲ್ಲಿ ಗವಿರಂಗಪ್ಪನ ತಪ್ಪಲೆ ತುಂಬಿತ್ತು. ಸಾಕಮ್ಮ ಕ್ಯಾನು ಒಡ್ಡಿದಾಗ ಹುಚ್ಚೀರಪ್ಪ ಸೌಟು ಹಿಂದಕ್ಕೆಳೆದುಕೊಂಡು, ‘ಒಂದು ಮನೆಗೆ ಒಂದೇ’ ಎಂದ. ಗವಿರಂಗಪ್ಪ ಸಾಲಿನ ಉದ್ದಕ್ಕೂ ಕಣ್ಣಾಡಿಸಿದ. ನಾನು ದಿನಾ ನಿಲ್ಲುವ ಹತ್ತನೆಯ ಜಾಗದಲ್ಲಿ ಬೇರೆ ಯಾರೋ ನಿಂತಿದ್ದರು. ‘ಈ ಕ್ಯಾನು ನಮ್ಮನೇದಲ್ಲ, ವನಜಕ್ಕನ ಮನೇದು. ಹಾಕು’ ಅಂದ. ಹುಚ್ಚೀರಪ್ಪನ ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ.

ನನಗೆ ಇದೊಂದೂ ಗೊತ್ತಿಲ್ಲ. ಎಬ್ಬಿಸಲು ಯಾರೂ ಇಲ್ಲದ ದಿನ ನನಗೇ ಎಚ್ಚರವಾಗಿರಲಿಲ್ಲ. ಹಿತ್ತಲ ಬಾಗಿಲ ಚಿಲಕ ಸಡಿಲ, ಹೊರಗಿನಿಂದ ಬೆರಳು ಹಾಕಿ ತೆಗೆಯಬಹುದು ಎನ್ನುವುದು ಸಾಕಮ್ಮನಿಗೆ ಗೊತ್ತು. ಮೊದಲು ಪಾದಕ್ಕೆ ತಂಪು ಬಂತು. ಕನಸು ಅಂದುಕೊಂಡೆ. ಆಮೇಲೆ ಹಕ್ಕಿಗಳು ಬಂದವು, ಒಂದು, ಎರಡು, ಎಣಿಸಲಾಗದಷ್ಟು. ಒದ್ದೆ ಮಣ್ಣಿನ ವಾಸನೆ ಬಂತು. ಅಮ್ಮ ಅಂದುಕೊಂಡೆ. ಅಮ್ಮನಾಗಿದ್ದರೆ ಬಳೆ ಸದ್ದಿನ ಜೊತೆ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ ಬರುತ್ತಿರಲಿಲ್ಲ. ನನಗೆ ಗೊತ್ತಾಯಿತು, ಆದರೂ ಕಣ್ಣು ಬಿಡಲಿಲ್ಲ. ರೆಪ್ಪೆಯೊಳಗಿಂದ ನೀರು ತಾನಾಗಿ ಹೊರಗೆ ಬಂತು. ಹತ್ತಿರದಲ್ಲೇ ಗೋಡೆಯ ಮೇಲೆ ಲಟ್ಟಣಿಗೆಯಿಂದ ಯಾರೋ ಮೂರು ಸಲ ತಟ್ಟಿದರು.

‘ಎದ್ರಾ ವನಜಕ್ಕ, ಇಲ್ಲಾ ಹಾಸಿಗೆಗೇ ಬೇರು ಬಿಟ್ರಾ?’

ನಾನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ಕಣ್ಣು ಮುಚ್ಚಿಕೊಂಡೇ ಹೇಳಿದೆ. ‘ಪಾತ್ರೆ ತಳದಲ್ಲಿ ಇನ್ನೂ ಇದೆ, ನನಗೆ ಗೊತ್ತು. ಅದನ್ನೂ ಸುರಿಯಪ್ಪ, ಆಮೇಲೆ ಏಳ್ತೀನಿ.’